ಜೀವಂತ ಮಿದುಳಿನ ಭೂಪಟ

ಶವದ ಮಿದುಳನ್ನು ಸೀಳಿ ನೋಡುವ ವಿದ್ಯೆ ವೈದ್ಯರಿಗೆ ಹಳೆಯದು. ಆದರೆ ಚಿತ್ತಭ್ರಮೆ, ಅಂಗಕಂಪನ ಮೊದಲಾದ ಬೇನೆಗಳು ಕಾಡುವುದು ಬದುಕಿರುವವರನ್ನು. ಅವುಗಳ ಗುಟ್ಟನ್ನು ಬದುಕಿರುವವರ ಮಿದುಳಿನಲ್ಲಿಯೇ ಅರಸಬೇಕು.

ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶವನ್ನೊಯ್ಯುವ ರಾಸಾಯನಿಕಗಳಲ್ಲಿ ಡೋಪಮೀನ್ ಒಂದು. ಅದರ ಮಹತ್ವವನ್ನು ತೋರಿಸಿಕೊಟ್ಟವರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. 1957ರಲ್ಲಿ ಅವರು ಮೊಲಗಳಿಗೆ ರೆಸರ್ಪೀನ್ ಎಂಬ ಔಷಧವನ್ನು ಕೊಟ್ಟರು. ನಮ್ಮ ನಾಡಿನ ಸರ್ಪಗಂಧದ ಬೇರಿನಲ್ಲಿ ದೊರೆಯುವ ಸಾರವೇ ಅದು. ಮೊಲಗಳು ಮಿಸುಕದೆ ಮುದುಡಿ ಕುಳಿತವು. ದೇಹದಲ್ಲಿ ಡೋಪಮೀನ್ ಆಗಿ ಮಾರ್ಪಡುವ ಎಲ್-ಡೋಪಾವನ್ನು ಚುಚ್ಚಿದೊಡನೆ ಚೇತರಿಸಿಕೊಂಡವು. ಈ ಶೋಧದ ಹಿರಿಮೆಗಾಗಿ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಡೋಪಮೀನ್ ಬಂದು ಕೂಡುವ ತಾಣಕ್ಕೆ ಗ್ರಾಹಕವೆಂದು ಹೆಸರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1983ರಲ್ಲಿ ಬದುಕಿರುವ ಮನುಷ್ಯನ ಮಿದುಳಿನಲ್ಲಿ ಈ ಗ್ರಾಹಕಗಳ ಚಿತ್ರವನ್ನು ತೆಗೆದರು. ಮೊದಲು ಯಂತ್ರದಡಿ ಮಲಗಿದವರು ತಂಡದ ನಾಯಕ ಹೆನ್ರಿ ವ್ಯಾಗ್ನರ್. ಆಗ ಅವರಿಗೆ 56 ವರ್ಷ.

ಗ್ರಾಹಕಕ್ಕೆ ಅಂಟುವ ಒಂದು ವಸ್ತುವಿಗೆ ವಿಕಿರಣಶೀಲ ಕಾರ್ಬನ್-11 ಅನ್ನು ಜೋಡಿಸಿ, ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರಿಸುತ್ತಾರೆ. ಅದರಿಂದ ಹೊಮ್ಮುವ ಪಾಸಿಟ್ರಾನ್ ಕಣವು ಎಲೆಕ್ಟ್ರಾನನ್ನು ಸಂಧಿಸಿದಾಗ ಎರಡೂ ಅಳಿದು, ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ತಲೆಯ ಸುತ್ತಲಿನ ಬಳೆಯಾಕಾರದ ಯಂತ್ರವು ಅವನ್ನು ಹಿಡಿದು ನಕ್ಷೆಯನ್ನು ರಚಿಸುತ್ತದೆ. ಕಾರ್ಬನ್-11 ಇಪ್ಪತ್ತೇ ನಿಮಿಷಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಹತ್ತಿರದಲ್ಲಿಯೇ ಇರಬೇಕು. ಗ್ರಾಹಕಗಳು ದಟ್ಟವಾಗಿರುವ ಕಾಡೇಟ್, ಪುಟಾಮೆನ್ ಎಂಬ ಆಳದ ಭಾಗಗಳು ಚಿತ್ರದಲ್ಲಿ ಬೆಳಗಿ ಕಂಡವು. ವಯಸ್ಸು ಏರಿದಂತೆ ಗ್ರಾಹಕಗಳು ಇಳಿಮುಖವಾಗುವುದೂ 1984ರ ವೇಳೆಗೆ ತಿಳಿಯಿತು.

ಇದರಿಂದ ರೋಗಿಗೇನು ಲಾಭ? ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಔಷಧಗಳು ಈ ಗ್ರಾಹಕಗಳನ್ನೇ ಮುಚ್ಚುತ್ತವೆ. ಔಷಧ ಮಿತಿಮೀರಿದರೆ ಕೈ ನಡುಗುತ್ತದೆ, ನಡಿಗೆ ಬಿಗಿಯುತ್ತದೆ, ಮುಖದ ಭಾವ ಆರುತ್ತದೆ. ಮನೆಯವರು ಅದನ್ನೂ ರೋಗದ ಲಕ್ಷಣವೆಂದೇ ಬಗೆದು ಮರುಗುವುದುಂಟು. ಎಷ್ಟು ಕೊಟ್ಟರೆ ಸಾಕೆಂಬುದಕ್ಕೆ ಮಿದುಳಿನೊಳಗಿನ ಅಳತೆಗೋಲು ಇರಲಿಲ್ಲ.

ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತು ಸಂಗಡಿಗರು ಚಿಕಿತ್ಸೆಯಲ್ಲಿದ್ದ ರೋಗಿಗಳನ್ನೇ ಪರೀಕ್ಷಿಸಿದರು. 1988ರಲ್ಲಿ ಪ್ರಕಟವಾದ ಅವರ ವರದಿಯಂತೆ, ವಾಡಿಕೆಯ ಪ್ರಮಾಣದಲ್ಲಿಯೇ ನೂರಕ್ಕೆ 65ರಿಂದ 85ರಷ್ಟು ಗ್ರಾಹಕಗಳು ಮುಚ್ಚಿಹೋಗುತ್ತಿದ್ದವು. ಸುಮಾರು 80ನ್ನು ದಾಟಿದವರಲ್ಲಿ ನಡುಕ, ಬಿಗಿತಗಳು ಹೆಚ್ಚೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಔಷಧವನ್ನು ಇನ್ನೂ ಏರಿಸಿದರೆ ಗುಣಕ್ಕಿಂತ ಸಂಕಟವೇ ಹೆಚ್ಚೆಂಬುದು ಹೀಗೆ ಅಂಕಿಗಳಲ್ಲಿ ಸ್ಪಷ್ಟವಾಯಿತು.

ಆದರೂ ನಕ್ಷೆಯೇ ಸರ್ವಸ್ವವಲ್ಲ. ಕ್ಲೋಜಪೀನ್ ಎಂಬ ಔಷಧವು ಇದಕ್ಕಿಂತ ಕಡಿಮೆ ಗ್ರಾಹಕಗಳನ್ನು ಮುಚ್ಚಿಯೂ, ಬೇರೆ ಮದ್ದಿಗೆ ಬಗ್ಗದ ಅನೇಕ ರೋಗಿಗಳಿಗೆ ನೆರವಾಗುತ್ತದೆ. ಮನಸ್ಸಿನ ಬೇನೆಗೆ ಡೋಪಮೀನ್ ಒಂದೇ ಕಾರಣವಲ್ಲ. ಆದರೆ ಮದ್ದು ಹೆಚ್ಚಾದಷ್ಟೂ ಗುಣ ಹೆಚ್ಚೆಂಬ ನಂಬಿಕೆಯನ್ನು ಈ ನಕ್ಷೆ ತಿದ್ದಿತು. ರೋಗಿಯ ಕೈ ನಡುಗಿದರೆ, ಮುಖ ಕಳೆಗುಂದಿದರೆ, ಮನೆಯವರು ತಾವಾಗಿಯೇ ಔಷಧ ನಿಲ್ಲಿಸದೆ ವೈದ್ಯರಿಗೆ ತಿಳಿಸುವುದು ಯೋಗ್ಯ.