ರಜೆ ಬಂದರೆ ಹುಡುಗರಿಗೆ ಬಸ್ ಸ್ಟ್ಯಾಂಡೇ ಗತಿಯೇ?

ಪರೀಕ್ಷೆ ಮುಗಿಯಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಸ್ ಸ್ಟ್ಯಾಂಡುಗಳಲ್ಲಿ ಹದಿನೈದು-ಹದಿನೇಳರ ಹುಡುಗರ ಗುಂಪು ಬೀಡುಬಿಡುತ್ತದೆ. ಕೈಯಲ್ಲಿ ಮೊಬೈಲು, ನಾಲ್ವರಿಗೆ ಎರಡು ಟೀ. 'ಅಂಗಡಿ ಮುಂದೆ ನಿಂತ್ಕೊಂಡ್ರೆ ಗಿರಾಕಿ ಒಳಗೆ ಬರೋದೆಂಗೆ?' ಎಂಬುದು ವರ್ತಕರ ದೂರು. ದೂರು ನ್ಯಾಯವಾದದ್ದೇ. ಆದರೆ ಆ ಹುಡುಗರು ಹೋಗುವುದಾದರೂ ಎಲ್ಲಿಗೆ?

ಬೆಂಗಳೂರಿನ ಹುಡುಗರಿಗೆ ಕಬ್ಬನ್ ಪಾರ್ಕ್ ಪುಕ್ಕಟೆ. ಅದರೊಳಗೇ ಕೇಂದ್ರ ಗ್ರಂಥಾಲಯ. ಪಕ್ಕದ ಕಸ್ತೂರ್ಬಾ ರಸ್ತೆಯಲ್ಲಿ 1962ರಲ್ಲಿ ತೆರೆದ ವಿಶ್ವೇಶ್ವರಯ್ಯ ತಾಂತ್ರಿಕ ಸಂಗ್ರಹಾಲಯ. ಪಾವಗಡದಿಂದ ಅಲ್ಲಿಗೆ ಸುಮಾರು 150 ಕಿ.ಮೀ. ಪಾರ್ಕ್ ಪುಕ್ಕಟೆಯಾದರೂ ಬಸ್ ಚಾರ್ಜು, ಊಟ ಸೇರಿದರೆ ಕೂಲಿಕಾರನ ಒಂದು ದಿನದ ದುಡಿಮೆ ಕರಗುತ್ತದೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವೇನೋ ಸರಿ. ಖಾಸಗಿ ಬಸ್ಸಿನಲ್ಲಿ ಅದು ನಡೆಯದು. ಸರ್ಕಾರಿ ಬಸ್ಸೇ ಬಾರದ ಹಳ್ಳಿಯ ಹುಡುಗಿಗೆ 'ಶಕ್ತಿ' ಇದ್ದೂ ಇಲ್ಲದಂತೆ.

ಹಾಗಂತ ನಮ್ಮ ನಾಲ್ಕು ತಾಲ್ಲೂಕು ಬರಡಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಲು ದೂರದೂರಿನವರು ಬರುತ್ತಾರೆ. ಅದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಶಿರಾದಲ್ಲಿ ಕೋಟೆ, ಮಲಿಕ್ ರಿಹಾನ್ ಗೋರಿ. ಕಗ್ಗಲಡುವಿನ ಹುಣಸೇಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಊರಿನವರೇ ಕಾಪಾಡಿಕೊಂಡು ಬಂದಿದ್ದಾರೆ. ಕೊರಟಗೆರೆಗೆ ಸಿದ್ಧರಬೆಟ್ಟ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಬೇರೆ ಮ್ಯೂಸಿಯಂ ಬೇಕೆ? ಆದರೆ ಪಕ್ಕದ ತಾಲ್ಲೂಕಿನದ್ದನ್ನು ನೋಡದೆಯೇ ಎಷ್ಟೋ ಮಕ್ಕಳು ಹೈಸ್ಕೂಲು ಮುಗಿಸುತ್ತಾರೆ.

ಓದುವ ಮನಸ್ಸಿದ್ದವರಿಗೆ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಇದು ಎಷ್ಟು ತಂದೆತಾಯಿಗಳಿಗೆ ಗೊತ್ತು?

ಇದು ಬರೀ ಹೊತ್ತು ಕಳೆಯುವ ಮಾತಲ್ಲ. ಬೇಸಿಗೆಯಲ್ಲಿ ಬೇರೆ ದಾರಿ ಕಾಣದ ಹುಡುಗರು ಕೆರೆ, ಕಲ್ಲುಕ್ವಾರಿ, ಕೃಷಿಹೊಂಡಕ್ಕೆ ಇಳಿಯುತ್ತಾರೆ. ಈಜು ಬಾರದವನು ಮನೆಗೆ ವಾಪಸ್ ಬರುವುದಿಲ್ಲ. ಆಮೇಲೆ ಎಲ್ಲರೂ ಅಯ್ಯೋ ಅನ್ನುವವರೇ.

ಈ ನಾಲ್ಕೂ ತಾಲ್ಲೂಕು ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿದೆ. ಆದ್ದರಿಂದ ಕೆಲಸ ಕಷ್ಟವೇನಲ್ಲ. ರಜೆಯಲ್ಲಿ ಭಾನುವಾರಕ್ಕೊಂದು ಸಾರಿಗೆ ಬಸ್ಸು ಕಗ್ಗಲಡು, ಮೈದನಹಳ್ಳಿ ಸುತ್ತಿ ಬರಲಿ, ಜೊತೆಗೊಬ್ಬರು ಮೇಷ್ಟ್ರಿರಲಿ. ಸಂಜೆ ಶಾಲಾ ಮೈದಾನದ ಗೇಟಿಗೆ ಬೀಗ ಬೇಡ. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರಲಿ. ಹೆಣ್ಣುಮಕ್ಕಳು ಬರಬೇಕಾದರೆ ದೀಪ, ಶೌಚಾಲಯ ಎರಡೂ ಬೇಕು. ವರ್ತಕರೂ ಕೈಜೋಡಿಸಿ ಒಂದು ವಾಲಿಬಾಲ್ ನೆಟ್ಟು, ಎರಡು ಕೇರಂ ಬೋರ್ಡು ಕೊಡಿಸಿದರೆ ಅಂಗಡಿ ಮುಂದಿನ ಗುಂಪು ತಾನಾಗಿ ಕರಗೀತು.

ಹುಡುಗರನ್ನು ಗದರಿಸಿ ಓಡಿಸುವುದು ಸುಲಭ. ಹೋಗಲು ಒಂದು ಜಾಗ ತೋರಿಸಿ ಗದರಿಸಿದರೆ ಆ ಮಾತಿಗೂ ಬೆಲೆ ಇರುತ್ತದೆ. ಸಂಬಂಧಪಟ್ಟವರು ಮುಂದಿನ ರಜೆಗೆ ಮೊದಲೇ ಎಚ್ಚರಾಗುವರೇ?