ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೆ?

ಕ್ಯಾನ್ಸರ್ ರೋಗಿಗೆ ರಾಸಾಯನಿಕ ಚಿಕಿತ್ಸೆ ನಡೆಯುತ್ತಿರುವಾಗ ವಾಂತಿ, ಭೇದಿ, ಬಾಯಿಹುಣ್ಣುಗಳು ಕಾಣಿಸಿಕೊಂಡರೆ, ನೆಂಟರಿಷ್ಟರು ಒಬ್ಬೊಬ್ಬರೂ ಒಂದೊಂದು ಬೇರಿನ ಕಷಾಯವನ್ನು ಸೂಚಿಸುವುದು ನಮ್ಮಲ್ಲಿ ರೂಢಿ. “ಗಿಡದ್ದಲ್ಲವೆ, ಕೆಡುಕೇನು?” ಎಂಬುದು ಅವರ ವಾದ. ಇದನ್ನು ನಾವು ಒಪ್ಪಲಾರೆವು. ಗಿಡಗಳಲ್ಲಿ ಮದ್ದಿಲ್ಲವೆಂದಲ್ಲ, ಮದ್ದಿದೆಯೆಂಬ ಕಾರಣದಿಂದಲೇ ಒಪ್ಪಲಾರೆವು.

ದೊಡ್ಡಕರುಳಿನ ಕ್ಯಾನ್ಸರಿಗೆ ಕೊಡುವ ಇರಿನೋಟೀಕಾನ್ ಎಂಬ ಔಷಧವನ್ನೇ ನೋಡೋಣ. ಇದರ ಮೂಲವಸ್ತು ಕ್ಯಾಂಪ್ಟೊಥೆಸಿನ್. ಅಮೆರಿಕದಲ್ಲಿ ವಾಲ್, ವಾನಿ ಮತ್ತು ಸಂಗಡಿಗರು ಇದನ್ನು ಚೀನದ ಒಂದು ಮರದಿಂದ ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ನಮ್ಮ ಪಶ್ಚಿಮಘಟ್ಟದ ನೋತಪೊಡೈಟಿಸ್ ಮರದಲ್ಲಿಯೂ ಅದಿದೆಯೆಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ರೋಗಿಯ ಕರುಳನ್ನು ಸುಡುತ್ತಿರುವುದೂ ಹಾಗಾದರೆ ಗಿಡದ ವಸ್ತುವೇ!

ಸುಡುವ ಬಗೆಯೂ ಸ್ವಾರಸ್ಯವಾದುದು. ಔಷಧದ ಕ್ರಿಯಾಶೀಲ ರೂಪಕ್ಕೆ ಯಕೃತ್ತು ಸಕ್ಕರೆಯ ಜಾತಿಯ ಒಂದು ಆಮ್ಲವನ್ನು ಜೋಡಿಸಿ, ಅದರ ಉಗ್ರತೆಯನ್ನಡಗಿಸಿ, ಪಿತ್ತರಸದೊಡನೆ ಕರುಳಿಗೆ ಸಾಗಹಾಕುತ್ತದೆ. ಅಲ್ಲಿ ವಾಸಿಸುವ ಬ್ಯಾಕ್ಟೀರಿಯಗಳಾದರೋ ಆ ಜೋಡಣೆಯನ್ನು ತಮ್ಮ ಎಂಜೈಮಿನಿಂದ ಕತ್ತರಿಸುತ್ತವೆ. ಅಡಗಿದ್ದ ವಿಷ ಮತ್ತೆ ಬಿಡುಗಡೆಯಾಗುತ್ತದೆ. ಕರುಳಿನ ಒಳಪದರವು 3ರಿಂದ 5 ದಿನಗಳಲ್ಲಿ ಹೊಸದಾಗುವಂಥದು. ಬಿರುಸಾಗಿ ವಿಭಜನೆಗೊಳ್ಳುವ ಕೋಶಗಳೇ ಔಷಧದ ಗುರಿಯಾದುದರಿಂದ ಪೆಟ್ಟು ಅದಕ್ಕೂ ಬೀಳುತ್ತದೆ.

ಯೂರೋಪಿನಲ್ಲಿ ಮನೋವ್ಯಾಕುಲತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇದರೊಡನೆ ಕೊಟ್ಟು ನೋಡಿದ ಡಚ್ ವೈದ್ಯರ ವರದಿ 2002ರಲ್ಲಿ ಬಂದಿತು. ರೋಗಿಗಳು ಐವರೇ. ರಕ್ತಕಣಗಳಿಗಾಗುವ ಹಾನಿಯೇನೋ ತಗ್ಗಿತು. ಆದರೆ ಔಷಧದ ಕ್ರಿಯಾಶೀಲ ರೂಪವೇ ರಕ್ತದಲ್ಲಿ ಶೇಕಡ 42ರಷ್ಟು ಇಳಿದಿತ್ತು. ಭೌತವಿಜ್ಞಾನದ ಪಾಠ ಹೇಳುವ ನಮಗೆ ವೈದ್ಯದ ಗೊಡವೆಯೇಕೆಂದು ವಾಚಕರು ಕೇಳಬಹುದು. ಅಳೆಯದಿದ್ದರೆ ಈ ಇಳಿತ ಯಾರಿಗೆ ತಿಳಿಯುತ್ತಿತ್ತು? ಉಪಶಮನವೆಂದು ಮನೆಯವರು ಸಂತೋಷಪಡುತ್ತಿದ್ದರು. ಗಡ್ಡೆಯು ನಿರಾತಂಕವಾಗಿ ಬೆಳೆಯುತ್ತಿದ್ದಿತು.

ಯೇಲ್ ವಿಶ್ವವಿದ್ಯಾಲಯದಲ್ಲಿ ಚೆಂಗ್ ಅವರ ತಂಡ ಹಿಡಿದ ಹಾದಿ ನಮಗೆ ಮೆಚ್ಚಿಕೆ. ಸುಮಾರು 1800 ವರ್ಷಗಳಷ್ಟು ಹಳೆಯದಾದ, ಅತಿಮಧುರವೂ ಸೇರಿದಂತೆ ನಾಲ್ಕು ಮೂಲಿಕೆಗಳ ಚೀನೀ ಕಷಾಯವೊಂದನ್ನು ಅವರು ಇಲಿಗಳಿಗೆ ಇರಿನೋಟೀಕಾನಿನೊಡನೆ ಕೊಟ್ಟರು. ಕರುಳು ಬೇಗ ಚೇತರಿಸಿಕೊಂಡಿತೆಂದು ಮಾತ್ರವಲ್ಲ, ಗಡ್ಡೆಯ ಮೇಲೆ ಔಷಧದ ಪ್ರಭಾವ ಕುಂದಲಿಲ್ಲವೆಂದೂ ಅಳೆದು 2010ರಲ್ಲಿ ತಿಳಿಸಿದರು. ಇಲಿ ಮನುಷ್ಯನಲ್ಲ, ನಿಜ. ಆದರೂ ಎರಡನ್ನೂ ಅಳೆದರಷ್ಟೆ!

ನಮ್ಮ ಮೂಲಿಕೆಗಳಿಗೂ ಇಂತಹ ಪರೀಕ್ಷೆ ಸಲ್ಲಬೇಕು. ಅಲ್ಲಿಯವರೆಗೆ, ಕಷಾಯದ ಬಟ್ಟಲನ್ನು ರೋಗಿಯ ಕೈಗೆ ಕೊಡುವ ಮುನ್ನ ಅದರಲ್ಲಿರುವ ಬೇರು ಸೊಪ್ಪುಗಳ ಹೆಸರನ್ನು ಬರೆದು, ಚಿಕಿತ್ಸೆ ನಡೆಸುತ್ತಿರುವ ವೈದ್ಯರಿಗೆ ತೋರಿಸಬೇಕೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇವೆ.