ಗಣಕಯಂತ್ರದ ಸದ್ದೂ ನೀರಿನ ತಂಪೂ

ಕಳೆದ ಎರಡು ತಿಂಗಳುಗಳಲ್ಲಿ ಒಂದೇ ವಿಷಯವನ್ನು ಕುರಿತು ಮೂರು ಕಾಗದಗಳು ನಮಗೆ ಬಂದಿವೆ. ಮೊದಲನೆಯದನ್ನು ಬರೆದವರು ತೀರ್ಥಹಳ್ಳಿ ತಾಲ್ಲೂಕಿನ ಗೃಹಿಣಿಯೊಬ್ಬರು. ಅವರ ಮಗನು ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಬೆಂಗಳೂರನ್ನು ಬಿಟ್ಟು ಮನೆಗೆ ಬಂದವನು, ಪರದೇಶದ ಸಂಸ್ಥೆಯೊಂದಕ್ಕೆ ಕಟ್ಟಡಗಳ ಚಿತ್ರಗಳನ್ನು ಗಣಕಯಂತ್ರದಲ್ಲಿ ರಚಿಸಿಕೊಡುತ್ತ ಊರಿನಲ್ಲಿಯೇ ನಿಂತಿರುವನು. ಹಗಲು ತೋಟದ ಕೆಲಸ, ರಾತ್ರಿ ಯಂತ್ರದ ಕೆಲಸ. ಚಿತ್ರವು ಪೂರ್ಣರೂಪಕ್ಕೆ ಬರುವಾಗ ಆ ಯಂತ್ರವು ನಾಲ್ಕೈದು ತಾಸು ಎಡೆಬಿಡದೆ ದುಡಿಯುವುದಂತೆ. ಆಗ ಅದರ ಫ್ಯಾನುಗಳ ಮೊರೆತವು ಹಲಗೆಯ ಮಹಡಿಯಿಂದಿಳಿದು ಕೆಳಗಿನ ಕೋಣೆಯಲ್ಲಿ ಮಲಗಿರುವ ವೃದ್ಧ ಮಾವನವರ ನಿದ್ರೆಯನ್ನು ಕೆಡಿಸುವುದಂತೆ. ಅಜ್ಜನಿಗೆ ಉಪದ್ರವವಾಗುವುದಾದರೆ ತಾನು ಬೆಂಗಳೂರಿಗೆ ಹಿಂದಿರುಗುವುದೇ ಲೇಸೆಂದು ಹುಡುಗನು ಹೇಳತೊಡಗಿರುವನೆಂದೂ, ಲಿಕ್ವಿಡ್ ಕೂಲರನ್ನು ಹಾಕಿಸಿದರೆ ಸದ್ದೇ ಇರದೆಂದು ಅಂಗಡಿಯವರು ಹೇಳುವುದು ದಿಟವೇ ಎಂದೂ ಆ ತಾಯಿ ಕೇಳಿರುವರು. ಎರಡನೆಯ ಕಾಗದವು ಹೊಸನಗರದ ಕಡೆಯ ಯಕ್ಷಗಾನಪ್ರಿಯರೊಬ್ಬರದು. ಅವರು ಮನೆಯಲ್ಲಿಯೇ ತಾಳಮದ್ದಲೆಯ ಪ್ರಸಂಗಗಳನ್ನು ಧ್ವನಿಮುದ್ರಿಸುವರು, ಭಾಗವತರ ಆಲಾಪದ ಹಿಂದೆ ಫ್ಯಾನಿನ ಶ್ರುತಿಯೂ ಮುದ್ರಿತವಾಗುವುದೆಂಬುದು ಅವರ ಅಳಲು. ಮೂರನೆಯವರು ಸಾಗರದ ವರ್ತಕರು. ಅಡಕೆಯ ಲೆಕ್ಕವನ್ನಿಡುವ ಯಂತ್ರಕ್ಕೆ ಬಣ್ಣಬಣ್ಣದ ದೀಪಗಳುಳ್ಳ ನೀರಿನ ಕೂಲರು ಅವಶ್ಯವೆಂದು ಯಾರೋ ಅವರಿಗೆ ಬೋಧಿಸಿರುವರು.

ಸಾಗರದವರಿಗೆ ಉತ್ತರವನ್ನು ಇಲ್ಲಿಯೇ ಹೇಳಿ ಮುಗಿಸಬಹುದು: ಅವಶ್ಯವಿಲ್ಲ. ಲೆಕ್ಕ ಬರೆಯುವ ಯಂತ್ರವು ಬಿಸಿಯಾಗುವುದೇ ಅಪರೂಪ. ಅವರದು ಸದ್ದು ಮಾಡುತ್ತಿದ್ದರೆ ಒಳಗೆ ಧೂಳು ತುಂಬಿರಬೇಕು, ಇಲ್ಲವೆ ಪ್ರೊಸೆಸರಿಗೂ ಕೂಲರಿಗೂ ನಡುವೆ ಬಳಿದ ಪೇಸ್ಟು ಒಣಗಿರಬೇಕು. ಉಳಿದ ಇಬ್ಬರ ಪ್ರಶ್ನೆಯು ವಿಚಾರಾರ್ಹವಾದುದು.

ನಿದಾನವನ್ನರಿಯದೆ ಚಿಕಿತ್ಸೆಗೆ ತೊಡಗಬಾರದೆಂಬುದು ವೈದ್ಯರ ಮಾತು. ಗಣಕಯಂತ್ರದ ಪೆಟ್ಟಿಗೆಯೊಳಗೆ ಸದ್ದು ಮಾಡುವ ಅಂಗವು ಒಂದೇ ಅಲ್ಲ. ಪ್ರೊಸೆಸರಿನ ಫ್ಯಾನು, ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು, ಪವರ್ ಸಪ್ಲೈಯ ಫ್ಯಾನು, ಪೆಟ್ಟಿಗೆಗೇ ಜೋಡಿಸಿದ ಫ್ಯಾನುಗಳು, ಹಳೆಯ ಮಾದರಿಯ ತಿರುಗುವ ಹಾರ್ಡ್ ಡಿಸ್ಕು, ಇವೆಲ್ಲವೂ ಉಂಟು. ನಾವು ಹೇಳುತ್ತಿರುವ ಕೂಲರು ಇವುಗಳಲ್ಲಿ ಮೊದಲನೆಯದಕ್ಕೆ ಮಾತ್ರ ಪರಿಹಾರವು. ಚಿತ್ರ ತಯಾರಿಸುವ ಕೆಲಸವನ್ನು ಗ್ರಾಫಿಕ್ಸ್ ಕಾರ್ಡೇ ವಹಿಸಿಕೊಂಡಿದ್ದರೆ ಎಷ್ಟು ಬೆಲೆಯ ನೀರಿನ ಕೂಲರನ್ನು ತಂದು ಹಾಕಿದರೂ ಸದ್ದು ಎಳ್ಳಷ್ಟೂ ತಗ್ಗದು. ಯಾವ ಅಂಗವು ಎಷ್ಟು ಬಿಸಿಯಾಗಿದೆ, ಯಾವ ಫ್ಯಾನು ಎಷ್ಟು ವೇಗದಿಂದ ತಿರುಗುತ್ತಿದೆ ಎಂಬುದನ್ನು ತೋರಿಸುವ ತಂತ್ರಾಂಶಗಳು ಧರ್ಮಾರ್ಥವಾಗಿಯೇ ದೊರೆಯುವುವು. ಗದ್ದಲವಾಗುವ ಹೊತ್ತಿನಲ್ಲಿ ಅದನ್ನು ನೋಡಿ ಅಪರಾಧಿಯನ್ನು ಗೊತ್ತುಮಾಡಿಕೊಂಡ ಬಳಿಕವೇ ಹಣದ ಗಂಟನ್ನು ಬಿಚ್ಚತಕ್ಕದ್ದು.

ಇನ್ನು ಲಿಕ್ವಿಡ್ ಕೂಲರೆಂದರೇನು? ಪ್ರೊಸೆಸರಿನ ಮೇಲೆ ತಾಮ್ರದ ಒಂದು ಬಿಲ್ಲೆ. ಅದರ ಮೇಲೆ ಮುಷ್ಟಿಗಿಂತ ಚಿಕ್ಕದಾದ ಪಂಪು. ಅಲ್ಲಿಂದ ಎರಡು ರಬ್ಬರಿನ ಕೊಳವೆಗಳು. ಕೊಳವೆಗಳ ತುದಿಯಲ್ಲಿ ಮೋಟಾರು ಗಾಡಿಯಲ್ಲಿರುವಂತಹ ರೇಡಿಯೇಟರು. ರೇಡಿಯೇಟರಿಗೆ ಬಿಗಿದ ಎರಡು ಮೂರು ಫ್ಯಾನುಗಳು. ಇವೆಲ್ಲವನ್ನೂ ಕಾರ್ಖಾನೆಯಲ್ಲಿಯೇ ದ್ರವ ತುಂಬಿ ಮುಚ್ಚಿ ಕೊಡುವುದರಿಂದ ಇದಕ್ಕೆ ಆಲ್-ಇನ್-ಒನ್ ಎಂದು ಹೆಸರು. ನೀರಿನಿಂದ ಗಣಕವನ್ನು ತಣಿಸುವುದು ಹೊಸ ಸಂಗತಿಯಲ್ಲ; ೧೯೬೦ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ದೊಡ್ಡ ಗಣಕಗಳಲ್ಲಿ ಈ ಏರ್ಪಾಡು ಇದ್ದಿತು. ಅದು ಮನೆಯ ಮೇಜಿನ ಬಳಿಗೆ ಬಂದುದು ಮಾತ್ರ ಈಚೆಗೆ.

ನಾವು ತರ್ಕಸಂಗ್ರಹವನ್ನು ಓದುತ್ತಿದ್ದ ಕಾಲದಲ್ಲಿ, ಶೀತಸ್ಪರ್ಶವೇ ನೀರಿನ ಲಕ್ಷಣವೆಂದೂ, ಬಿಸಿನೀರಿನಲ್ಲಿ ತೋರುವ ಉಷ್ಣವು ನೀರಿನದಲ್ಲ, ಅದರೊಡನೆ ಕೂಡಿದ ತೇಜಸ್ಸಿನದೆಂದೂ ಗುರುಗಳು ಪಾಠ ಹೇಳುತ್ತಿದ್ದರು. ಜನರು ನೀರಿನ ಕೂಲರೆಂದೊಡನೆ ಆ ಮೊದಲನೆಯ ಭಾಗವನ್ನಷ್ಟೇ ನೆನೆದು, ಒಳಗೆ ತಣ್ಣೀರು ಹರಿಯುವುದೆಂದು ಭಾವಿಸುವರು. ಹಾಗೇನೂ ಇಲ್ಲ. ಒಳಗಿನ ದ್ರವವು ಕೋಣೆಯ ಗಾಳಿಗಿಂತ ಯಾವಾಗಲೂ ತುಸು ಬೆಚ್ಚಗೇ ಇರುವುದು. ಅದು ತಂಪನ್ನು ಉಂಟುಮಾಡುವುದಿಲ್ಲ, ಶಾಖವನ್ನು ಹೊತ್ತುಕೊಂಡು ಹೋಗುವುದಷ್ಟೇ. ಒಂದೇ ಅಳತೆಯ ಗಾಳಿಗಿಂತ ನೀರು ಮೂರು ಸಾವಿರ ಮಡಿಗೂ ಮಿಕ್ಕು ಶಾಖವನ್ನು ಹೊರಬಲ್ಲದು. ಆದಕಾರಣವೇ ಅದಕ್ಕೆ ಈ ಹಮಾಲಿಯ ಕೆಲಸ. ಕೊನೆಗೆ ಹೊರೆಯನ್ನು ಇಳಿಸಿಕೊಳ್ಳತಕ್ಕದ್ದು ಕೋಣೆಯ ಗಾಳಿಯೇ, ಗಾಳಿಯನ್ನು ನೂಕತಕ್ಕದ್ದು ಫ್ಯಾನೇ. ಆದುದರಿಂದ ನೀರಿದ್ದ ಮಾತ್ರಕ್ಕೆ ಸದ್ದು ಹೋಗದು. ಮೇಲಾಗಿ ಪಂಪಿನದೊಂದು ಸದ್ದು ಹೊಸದಾಗಿ ಬಂದು ಸೇರುವುದು.

ಹಾಗಾದರೆ ಇದರ ಪ್ರಯೋಜನವೇನು? ಶಾಖವನ್ನು ವಿಸ್ತಾರವಾದ ಜಾಗದಲ್ಲಿ ಹರಡಿ, ದೊಡ್ಡ ಫ್ಯಾನುಗಳಿಂದ ನಿಧಾನವಾಗಿ ಕಳೆಯಲು ಅನುಕೂಲವಾಗುವುದು. ಮೌನವಿರುವುದು ಆ ನಿಧಾನದಲ್ಲಿ. ಅಡಕೆಯ ಹಾಳೆಯ ಬೀಸಣಿಗೆಯನ್ನು ಬೀಸಿದವರಿಗೆಲ್ಲ ಇದು ತಿಳಿದುದೇ: ಅಗಲವಾದ ಹಾಳೆಯನ್ನು ಮೆಲ್ಲನೆ ಒಮ್ಮೆ ಬೀಸಿದರೆ ಬರುವ ಗಾಳಿಯು ಅಂಗೈಯಷ್ಟು ರಟ್ಟನ್ನು ಪಟಪಟನೆ ಹತ್ತು ಸಲ ಆಡಿಸಿದರೂ ಬಾರದು. ಶಬ್ದಶಾಸ್ತ್ರದ ಲೆಕ್ಕವೂ ಇದನ್ನೇ ಹೇಳುವುದು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು ೧೫ ಡೆಸಿಬೆಲ್ ತಗ್ಗುವುದು. ಒಂದರ ಜಾಗದಲ್ಲಿ ಅಂತಹವೇ ಮೂರು ಫ್ಯಾನುಗಳನ್ನಿಟ್ಟರೆ ಏರುವುದು ಸುಮಾರು ೫ ಡೆಸಿಬೆಲ್ ಮಾತ್ರ. ಎಂದರೆ ಪೂರ್ಣವೇಗದ ಒಂದು ಫ್ಯಾನಿಗೆ ಬದಲಾಗಿ ಅರ್ಧವೇಗದ ಮೂರು ಫ್ಯಾನುಗಳಿದ್ದರೆ ಗಾಳಿಯು ಒಂದೂವರೆ ಪಾಲು, ಸದ್ದು ೧೦ ಡೆಸಿಬೆಲ್ ಕಡಿಮೆ. ೧೦ ಡೆಸಿಬೆಲ್ ತಗ್ಗಿದರೆ ನಮ್ಮ ಕಿವಿಗೆ ಅದು ಹೆಚ್ಚುಕಡಿಮೆ ಅರ್ಧವಾದಂತೆ ತೋರುವುದು.

ರೇಡಿಯೇಟರುಗಳನ್ನು ೧೨೦, ೨೪೦, ೨೮೦, ೩೬೦ ಎಂದು ಕರೆಯುವರು. ಇವು ಫ್ಯಾನುಗಳ ಅಗಲವನ್ನು ಕೂಡಿಸಿದ ಮಿಲಿಮೀಟರುಗಳು: ೨೪೦ಕ್ಕೆ ೧೨೦ರ ಎರಡು, ೨೮೦ಕ್ಕೆ ೧೪೦ರ ಎರಡು, ೩೬೦ಕ್ಕೆ ೧೨೦ರ ಮೂರು. ಸದ್ದಿನ ದೃಷ್ಟಿಯಿಂದ ೧೨೦ರದನ್ನು ಯಾರೂ ಕೊಳ್ಳಬಾರದು. ಅದಕ್ಕಿಂತ ಗಾಳಿಯಿಂದಲೇ ತಣಿಸುವ ಸಾಧಾರಣ ಕೂಲರು ಮೇಲು. ೨೪೦ಕ್ಕೂ ೨೮೦ಕ್ಕೂ ಹೆಸರಿನಲ್ಲಿ ಅಂತರವು ಅಲ್ಪವೆಂದು ತೋರಿದರೂ ಫ್ಯಾನುಗಳ ಮುಖದ ಕ್ಷೇತ್ರಫಲವನ್ನು ಗುಣಿಸಿ ನೋಡಿದರೆ ೨೮೦ರದು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು, ೩೬೦ರದಕ್ಕೆ ಕೊಂಚವೇ ಕಡಿಮೆ. ಆದರೆ ಅದು ಅಗಲವಾದುದರಿಂದ ಎಲ್ಲ ಪೆಟ್ಟಿಗೆಗಳಿಗೂ ಹಿಡಿಸದು. ೨೪೦ ಎಂಬ ಹೆಸರಿನ ರೇಡಿಯೇಟರಿನ ನಿಜವಾದ ಉದ್ದವು ಅಂಚುಗಳು ಸೇರಿ ಸುಮಾರು ೨೭೫ ಮಿಲಿಮೀಟರು, ದಪ್ಪವು ಫ್ಯಾನು ಸೇರಿ ೫೦ಕ್ಕೂ ಮಿಕ್ಕು. ಅಳತೆ ಪಟ್ಟಿಯಿಂದ ಪೆಟ್ಟಿಗೆಯ ಒಳಗನ್ನು ಅಳೆಯದೆ ಕೊಂಡವರು ಅದನ್ನು ಹಿಂದಕ್ಕೆ ಕಳುಹಿಸುವ ಪ್ರಯಾಸಕ್ಕೆ ಸಿಕ್ಕುವರು. ಪೆಟ್ಟಿಗೆಯ ಮುಂಭಾಗವು ಜಾಲರಿಯಾಗಿರಲಿ; ಗಾಜಿನಿಂದ ಮುಚ್ಚಿದ ಪೆಟ್ಟಿಗೆಯು ನೋಟಕ್ಕೆ ಚೆಲುವಾದರೂ ಉಸಿರುಗಟ್ಟುವುದರಿಂದ ಫ್ಯಾನುಗಳು ಏದುಸಿರು ಬಿಡುವುವು.

ಯಾರಿಗೆ ಇದು ಬೇಕು? ರೈಜನ್ ೫ ೭೬೦೦ರಂತಹ ೬೫ ವಾಟಿನ ಪ್ರೊಸೆಸರು ಇರುವವರಿಗೆ ಬೇಡ. ಇಂಟೆಲ್ ಸಂಸ್ಥೆಯು ೨೦೨೨ರಲ್ಲಿ ಹೊರತಂದ ಕೋರ್ ಐ೯-೧೩೯೦೦ಕೆಯಂತಹದು ಪೂರ್ಣವೇಗದಲ್ಲಿ ೨೫೩ ವಾಟಿನವರೆಗೆ ಏರುವುದು. ಬಚ್ಚಲಿನಲ್ಲಿ ನೀರು ಕಾಯಿಸುವ ೧೫೦೦ ವಾಟಿನ ರಾಡಿನ ಆರನೆಯ ಒಂದು ಪಾಲು ಶಾಖವು ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ ಹೊರಡುವುದೆಂದರೆ ವಾಚಕರು ಊಹಿಸಿಕೊಳ್ಳಬಹುದು. ತೀರ್ಥಹಳ್ಳಿಯ ಹುಡುಗನ ಯಂತ್ರವು ಈ ಜಾತಿಯದೆಂದು ಕಾಗದದಿಂದ ತಿಳಿಯುತ್ತದೆ. ಅವನಿಗೆ ನಮ್ಮ ಮೊದಲ ಸಲಹೆಯು ಕಾಸಿನ ಖರ್ಚಿಲ್ಲದ್ದು. ಯಂತ್ರದ ಬಯಾಸಿನಲ್ಲಿ ಪ್ರೊಸೆಸರು ಬಳಸುವ ವಿದ್ಯುತ್ತಿಗೆ ಮಿತಿಯನ್ನು ಹಾಕಬಹುದು. ೨೫೩ ವಾಟನ್ನು ೧೨೫ಕ್ಕೆ ಇಳಿಸಿದರೆ ಶಾಖವು ಅರ್ಧವಾಗುವುದು, ಕೆಲಸದ ವೇಗವು ಅರ್ಧವಾಗುವುದಿಲ್ಲ. ಚಿತ್ರವು ಕೊಂಚ ತಡವಾಗಿ ಸಿದ್ಧವಾಗುವುದು. ರಾತ್ರಿಯಿಡೀ ತಾನಾಗಿ ನಡೆಯುವ ಕೆಲಸಕ್ಕೆ ಆ ತಡದಿಂದ ಹಾನಿಯೇನು? ಯಂತ್ರ ಶಬ್ದವೇ ನಿಯಂತ್ರಣವೆಂಬ ಅರ್ಥದ 'ಯಮ್' ಧಾತುವಿನಿಂದ ಹುಟ್ಟಿದುದು. ಈಗಿನ ಯಂತ್ರಗಳನ್ನು ಕಡಿವಾಣವಿಲ್ಲದೆ ಮಾರುವರಾದ್ದರಿಂದ ಆ ಕೆಲಸವು ಕೊಂಡವರ ಪಾಲಿಗೆ ಬಿದ್ದಿದೆ.

ಇದರ ಮೇಲೆಯೂ ಸದ್ದು ಉಳಿದರೆ ೨೮೦ ಅಥವಾ ೩೬೦ರ ಕೂಲರನ್ನು ಕೊಳ್ಳಲಿ. ಹೊಸನಗರದವರಿಗೆ ನಾವು ದೊಡ್ಡ ಗಾಳಿಯ ಕೂಲರನ್ನೇ ಸೂಚಿಸುವೆವು. ಧ್ವನಿಮುದ್ರಣವು ಪ್ರೊಸೆಸರಿಗೆ ಭಾರವಲ್ಲ. ಪಂಪಿನ ಸಣ್ಣ ಗುಂಯ್ಗುಟ್ಟುವಿಕೆಯು ಮೈಕಿಗೆ ಫ್ಯಾನಿಗಿಂತಲೂ ಬೇಗ ಕೇಳಿಸುವುದು. ಆಸ್ಟ್ರಿಯ ದೇಶದ ನಾಕ್ಟುವಾ ಸಂಸ್ಥೆಯವರು ಇಂತಹ ಮೌನವಾದ ಕೂಲರುಗಳಿಗೆ ಹೆಸರಾದವರು. ಆ ಲ್ಯಾಟಿನ್ ಶಬ್ದಕ್ಕೆ ಗೂಬೆಯೆಂದರ್ಥ, ಅವರ ಮುದ್ರಿಕೆಯೂ ಗೂಬೆಯೇ. ನಮ್ಮವರು ಅಪಶಕುನವೆನ್ನುವ ಹಕ್ಕಿಯ ಸದ್ದಿಲ್ಲದ ಹಾರಾಟವು ಅವರಿಗೆ ಆದರ್ಶವಾಯಿತು!

ಪಂಪಿನ ವಿಷಯದಲ್ಲಿ ಮಲೆನಾಡಿನ ತೋಟಿಗರಿಗೆ ಪಾಠ ಹೇಳಬೇಕಾದುದಿಲ್ಲ. ಹೊಳೆಯ ಪಂಪ್‌ಸೆಟ್ಟಿನೊಳಗೆ ಗಾಳಿ ಹೊಕ್ಕರೆ ನೀರೆತ್ತದೆ ಗಡಗಡನೆ ಅರಚಿಕೊಳ್ಳುವುದನ್ನು ಎಲ್ಲರೂ ಕಂಡವರೇ. ಈ ಕೂಲರಿನೊಳಗೂ ಸ್ವಲ್ಪ ಗಾಳಿಯಿದ್ದೇ ಇರುವುದು. ಕೊಳವೆಯ ರಬ್ಬರಿನ ಮೂಲಕ ದ್ರವವು ವರ್ಷ ವರ್ಷಕ್ಕೆ ತುಸುವೇ ಆರುವುದರಿಂದ ಅದು ಹೆಚ್ಚುತ್ತಲೂ ಹೋಗುವುದು. ಗಾಳಿಯು ಅತ್ಯಂತ ಎತ್ತರದ ಜಾಗವನ್ನು ಸೇರುವುದಾದ್ದರಿಂದ ಆ ಜಾಗವು ಪಂಪಾಗಿರಕೂಡದು. ರೇಡಿಯೇಟರನ್ನು ಪೆಟ್ಟಿಗೆಯ ನೆತ್ತಿಯಲ್ಲಿ ಕೂರಿಸುವುದು ಉತ್ತಮ. ಮುಂಭಾಗದಲ್ಲಿ ನಿಲ್ಲಿಸುವುದಾದರೆ ಅದರ ಮೇಲಂಚು ಪಂಪಿಗಿಂತ ಎತ್ತರವಾಗಿಯೂ, ಕೊಳವೆಗಳು ಕೆಳತುದಿಯಲ್ಲಿಯೂ ಇರಲಿ. ಪೆಟ್ಟಿಗೆಯ ತಳದಲ್ಲಿ ಹಾಕಿ ಪಂಪನ್ನು ಮೇಲೆ ಬಿಡುವುದು ಸರ್ವಥಾ ಕೂಡದು; ಬುಳುಬುಳು ಸದ್ದು ಬರುವುದೂ, ಪಂಪು ಬೇಗ ಕೆಡುವುದೂ ಇದರಿಂದಲೇ. ಪಂಪಿನ ವೇಗವು ಒಂದೇ ಸಮನಾಗಿರಲಿ. ಫ್ಯಾನುಗಳು ಪ್ರೊಸೆಸರಿನ ಬಿಸಿಯನ್ನು ಅನುಸರಿಸದೆ ದ್ರವದ ಬಿಸಿಯನ್ನು ಅನುಸರಿಸುವಂತೆ ಏರ್ಪಾಡು ಮಾಡಬಹುದಾದರೆ ಹಾಗೆ ಮಾಡತಕ್ಕದ್ದು. ಪ್ರೊಸೆಸರಿನ ಉಷ್ಣವು ಕ್ಷಣಕ್ಷಣಕ್ಕೂ ಹಾರುವುದು, ದ್ರವದ್ದು ಮೆಲ್ಲನೆ ಏರಿ ಮೆಲ್ಲನೆ ಇಳಿಯುವುದು. ಎಡೆಬಿಡದೆ ಸುರಿಯುವ ಆಷಾಢದ ಮಳೆಯಲ್ಲಿ ನಿದ್ರೆ ಬರುವುದಿಲ್ಲವೆ? ಮಲಗಿದವರನ್ನು ಎಬ್ಬಿಸುವುದು ಏರಿಳಿಯುವ ಸದ್ದು.

ಮಳೆಯ ಮಾತು ಬಂದುದರಿಂದ ತೇವದ ವಿಷಯವನ್ನೂ ಹೇಳಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ಆಗುಂಬೆಯು ತೀರ್ಥಹಳ್ಳಿ ತಾಲ್ಲೂಕಿನದೇ. ಹೊಸನಗರದ ಹುಲಿಕಲ್ಲೂ ಅದಕ್ಕೆ ಎಣೆಯಾದುದೇ. ಇಂತಹ ಕಡೆ ನೀರಿನ ಕೂಲರಿನ ಮೇಲೆ ಬೆವರು ಕಟ್ಟಿ ಯಂತ್ರವು ಕೆಡದೆ ಎಂದು ಕೆಲವರು ಅಂಜುವರು. ಕೋಣೆಯ ಗಾಳಿಗಿಂತ ತಣ್ಣಗಾದ ವಸ್ತುವಿನ ಮೇಲಷ್ಟೇ ಬೆವರು ಕಟ್ಟುವುದು. ಈ ದ್ರವವು ಎಂದೂ ಹಾಗೆ ತಣ್ಣಗಾಗದೆಂದು ಮೇಲೆ ಹೇಳಿದ್ದೇವೆ. ಆದಕಾರಣ ಆ ಭಯವು ಬೇಡ. ಭಯವಿರತಕ್ಕದ್ದು ದಿನಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕೆ. ಮಳೆಗಾಲದಲ್ಲಿ ದಿನಕ್ಕೊಂದು ತಾಸಾದರೂ ಅದನ್ನು ನಡೆಸಿದರೆ ತನ್ನ ಬಿಸಿಯಿಂದಲೇ ತಾನು ಒಣಗಿಕೊಳ್ಳುವುದು.

ವಿದ್ಯುತ್ತು ತಟ್ಟನೆ ಹೋದರೆ ಗತಿಯೇನೆಂದೂ ಕೇಳುವರು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆಯು ಮುಗಿದು ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯಲ್ಲಿಯೇ ಗಾಳಿ ಬೀಸಿದರೆ ದೀಪ ಆರುವುದು ಹೊಸತಲ್ಲ. ವಿದ್ಯುತ್ತು ಹೋದರೆ ಪಂಪಿನೊಡನೆ ಪ್ರೊಸೆಸರೂ ನಿಲ್ಲುವುದರಿಂದ ಬಿಸಿಯೇರುವ ಸಂಭವವಿಲ್ಲ. ಪಂಪೊಂದೇ ಕೆಟ್ಟು ನಿಂತರೂ, ಈಗಿನ ಪ್ರೊಸೆಸರುಗಳು ೯೫ ಅಥವಾ ೧೦೦ ಡಿಗ್ರಿಯ ಸಮೀಪಕ್ಕೆ ಬಂದೊಡನೆ ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುವು, ಸಾಲದಾದರೆ ಆರಿಹೋಗುವುವು.

ತೀರ್ಥಹಳ್ಳಿಯ ಮನೆಯಲ್ಲಿ ಇನ್ನೊಂದು ಸಂಗತಿಯನ್ನು ನೋಡಬೇಕು. ಹಲಗೆಯ ನೆಲವು ವೀಣೆಯ ಕೊಡದಂತೆ. ಮೇಲಿಟ್ಟ ಯಂತ್ರದ ಅದಿರಾಟವನ್ನು ಹಿಡಿದು ದೊಡ್ಡದು ಮಾಡಿ ಕೆಳಗಿನ ಕೋಣೆಗೆ ಕೇಳಿಸುವುದು. ಪೆಟ್ಟಿಗೆಯನ್ನು ನೆಲದ ಮೇಲೆ ಬರಿದೆ ಇಡದೆ, ಒಂದು ಚಪ್ಪಡಿ ಕಲ್ಲು, ಅದರಡಿಯಲ್ಲಿ ದಪ್ಪ ರಬ್ಬರಿನ ಹಾಸು, ಹೀಗೆ ಇಟ್ಟು ನೋಡಲಿ. ಅಜ್ಜನವರ ಹಾಸಿಗೆಯ ನೇರ ಮೇಲಿನಿಂದ ಕೋಣೆಯ ಆಚೆಯ ಮೂಲೆಗೆ ಸರಿಸಲಿ. ಕೂಲರನ್ನು ತರಿಸುವ ಮೊದಲು ಇಷ್ಟನ್ನು ಮಾಡಿ ನಾಲ್ಕು ರಾತ್ರಿ ಕಳೆದು, ಫಲವೇನೆಂದು ಆ ತಾಯಿಯವರು ನಮಗೆ ತಿಳಿಸುವುದಾದರೆ ಸಂತೋಷಪಡುವೆವು.

ಕೊಳ್ಳುವುದಾದರೆ ಐದಾರು ವರ್ಷಗಳ ವಾರಂಟಿಯುಳ್ಳದನ್ನೇ ಕೊಳ್ಳಬೇಕು, ಅಂತಹವು ದೊರೆಯುವುವು. ತಮ್ಮ ಮದರ್‌ಬೋರ್ಡಿನ ಸಾಕೆಟ್ಟು ಎಎಮ್೫ ಆಗಲಿ ಎಲ್‌ಜಿಎ೧೭೦೦ ಆಗಲಿ, ಅದಕ್ಕೆ ತಕ್ಕ ಹಿಡಿಕೆಯು ಪೆಟ್ಟಿಗೆಯಲ್ಲಿದೆಯೇ ಎಂದು ವಿಚಾರಿಸಬೇಕು. ಕೆಟ್ಟರೆ ಎಲ್ಲಿಗೆ ಕಳುಹಿಸಬೇಕೆಂಬುದನ್ನು ಬರಹದಲ್ಲಿ ಪಡೆಯುವುದು ಲೇಸು. ತಾಳಗುಪ್ಪದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಖರ್ಚೂ ಬೆಲೆಯ ಒಂದು ಭಾಗವೇ. ಒಳಗಿನ ದ್ರವವು ಕಡಿಮೆಯಾಯಿತೆಂದು ಯಾರೂ ತಾವೇ ಬಿಚ್ಚಿ ನೀರು ತುಂಬಬಾರದು. ನಮ್ಮ ಬಾವಿಯ ನೀರು ಕುಡಿಯಲು ಅಮೃತವಾಗಿದ್ದರೂ ತಾಮ್ರವೂ ಅಲ್ಯೂಮಿನಿಯಮ್ಮೂ ಒಟ್ಟಿಗಿರುವಲ್ಲಿ ತುಕ್ಕಿಗೆ ದಾರಿಯಾಗುವುದು. ರೇಡಿಯೇಟರಿನ ರೆಕ್ಕೆಗಳ ಸಂದಿಯಲ್ಲಿ ಸೇರುವ ಧೂಳನ್ನೂ ಬಚ್ಚಲೊಲೆಯ ಮಸಿಯನ್ನೂ ಮಳೆಗಾಲಕ್ಕೆ ಮೊದಲೊಮ್ಮೆ, ಅಡಕೆ ಕೊಯ್ಲು ಮುಗಿದ ಮೇಲೊಮ್ಮೆ ಮೆತ್ತನೆಯ ಕುಂಚದಿಂದ ತೆಗೆದರೆ ಸಾಕು.

ಯುಪಿಎಸ್ಸಿನ ಬ್ಯಾಟರಿಗಳನ್ನು ಕುರಿತು ಬಂದಿರುವ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುವೆವು.